ಬರೀ ನೀರಿನಲ್ಲಿ ಓಡುವ ಜನರೇಟರ್, 1,500 ವ್ಯಾಟ್ ಪ್ಯಾನೆಲ್: ಭಾವನಿಗೆ ಏನು ಹೇಳಲಿ?

ಅರೆಮನಸ್ಕ (ಪ್ರಶ್ನೆ):

ನಮ್ಮ ಭಾವ ನಿವೃತ್ತಿಯಲ್ಲಿ ಬಂದ ಹಣದ ದೊಡ್ಡ ಪಾಲನ್ನು ಒಬ್ಬ ಸಂಶೋಧಕನ ಕೈಗೆ ಹಾಕಲು ಹೊರಟಿದ್ದಾರೆ. ಆತನ ಹತ್ತಿರ ಎರಡು ಯಂತ್ರಗಳಿವೆ. ಒಂದು ಸಣ್ಣ ಜನರೇಟರ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಆಮೇಲೆ ಪೆಟ್ರೋಲ್ ಪೈಪನ್ನು ಕಿತ್ತು ಎಲ್ಲರಿಗೂ ತೋರಿಸಿ ‘ಇನ್ನು ಬರೀ ನೀರು’ ಅನ್ನುತ್ತಾನೆ. ನಾನೇ ನಿಂತು ನೋಡಿದೆ. ಏಳು ನಿಮಿಷ ಓಡಿತು, ಬಲ್ಬ್ ಉರಿಯುತ್ತಲೇ ಇತ್ತು. ಆಮೇಲೆ ‘ಸಾಕಲ್ಲವಾ’ ಅಂತ ಅವನೇ ನಿಲ್ಲಿಸಿದ. ಇನ್ನೊಂದು, ಒಂದು ಚದರ ಮೀಟರಿನ ಸೋಲಾರ್ ಪ್ಯಾನೆಲ್. ನಾಲ್ಕೂ ಕಡೆ ಕನ್ನಡಿಯ ರೆಕ್ಕೆಗಳಿವೆ, 1,500 ವ್ಯಾಟ್ ಕೊಡುತ್ತದಂತೆ.

ನಾನು ಓದಿದ್ದು ವಾಣಿಜ್ಯ. ಏನೋ ಸರಿಯಿಲ್ಲ ಅನ್ನಿಸುತ್ತದೆ, ಎಲ್ಲಿ ಅಂತ ತೋರಿಸಲು ಬರುವುದಿಲ್ಲ. ಬಾಯಿ ಬಿಟ್ಟರೆ ‘ವಿಮಾನ ಹಾರಲ್ಲ ಅಂದವರೂ ನಿನ್ನಂಥವರೇ’ ಅನ್ನುತ್ತಾರೆ. ನೀರಿನಲ್ಲಿ ಕಾರು ಓಡಿಸುತ್ತೇನೆ ಅಂದಿದ್ದ ಅಮೆರಿಕದ ಸ್ಟ್ಯಾನ್ಲಿ ಮೇಯರ್‌ಗೆ ವಿಷ ಹಾಕಿ ಕೊಂದರು ಅನ್ನುವ ವಿಡಿಯೊವನ್ನು ಮೂರು ಸಲ ಕಳಿಸಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉತ್ತರ ಯಾರ ಹತ್ತಿರವಾದರೂ ಇದೆಯೇ?

ಹಳೇ ವೈಂಡರ್:

ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದವನು ನಾನು. ಈ ನೀರಿನ ಹುಚ್ಚು ನನಗೂ ಹಿಡಿದಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ ಏಳು ನಿಮಿಷ. ಪೈಪ್ ಕಿತ್ತರೂ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಒಂದು ಬಲ್ಬಿನಂಥ ಸಣ್ಣ ಲೋಡಿಗೆ ಅದು ಕೆಲವು ನಿಮಿಷ ಧಾರಾಳವಾಗಿ ಸಾಕು. ಮುಗಿಯುವ ಮುಂಚೆ ಅವನೇ ನಿಲ್ಲಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಬಟ್ಟಲಿನ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಪೂರ್ತಿ ಬಸಿದು, ಆಮೇಲೆ ಚಾಲೂ ಮಾಡಲು ಹೇಳಿ.

ಇನ್ನು ನನ್ನ ಕಥೆ. ಸ್ಟೇನ್‌ಲೆಸ್ ಸ್ಟೀಲ್ ತಗಡು ಕತ್ತರಿಸಿ, ಕರೆಂಟ್ ಹಾಯಿಸಿ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯುವ ಆರು ಕೋಶ ಮಾಡಿದೆ. ಆ ಗ್ಯಾಸನ್ನು ಕಾರಿನ ಎಂಜಿನ್ನಿಗೆ ಬಿಡುವುದು ಯೋಜನೆ. ನೀರಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಕಾರಿನ ಬ್ಯಾಟರಿಗೆ ಕೊಟ್ಟೆ. 13.5 ವೋಲ್ಟ್, 15 ಆಂಪಿಯರ್. ನಿಮಿಷಕ್ಕೆ ಹತ್ತಿರಹತ್ತಿರ ಒಂದು ಲೀಟರ್ ಗ್ಯಾಸ್ ಗುಳುಗುಳು ಅಂತ ಬಂತು. ಸೋಪಿನ ಗುಳ್ಳೆಗೆ ತುಂಬಿ ಕಡ್ಡಿ ಗೀರಿದರೆ ಪಟಾಕಿಯ ಸದ್ದು. ಆ ಸದ್ದು ಕೇಳಿದ ಮೇಲೆ ಲೆಕ್ಕ ಯಾರಿಗೆ ಬೇಕು! ನಾನು ಲೆಕ್ಕ ಹಾಕಿದ್ದು ಆರು ತಿಂಗಳಾದ ಮೇಲೆ.

ಲೆಕ್ಕ ಹೀಗೆ. ಕೋಶ ತಿಂದದ್ದು ಸುಮಾರು 200 ವ್ಯಾಟ್. ಹೊರಬಂದ ಹೈಡ್ರೋಜನ್ ಉರಿದರೆ ಸಿಗುವುದು ಸುಮಾರು 110 ವ್ಯಾಟ್, ಅದೂ ಶಾಖವಾಗಿ. ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ, ಅಂದರೆ 28 ವ್ಯಾಟ್. ಆದರೆ ಆ 200 ವ್ಯಾಟ್ ಹುಟ್ಟಿಸಲು, ಬ್ಯಾಟರಿ ತುಂಬುವ ಆಲ್ಟರ್ನೇಟರ್ ಎಂಜಿನ್‌ನಿಂದ ಕಸಿದುಕೊಂಡದ್ದು 350ಕ್ಕೂ ಹೆಚ್ಚು. ನೀರು ಅಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್, ಒಂಥರಾ ಬೂದಿ. 18 ಗ್ರಾಂ ನೀರನ್ನು ಒಡೆಯಲು ಒಟ್ಟು 286 ಕಿಲೊಜೂಲ್ ಬೇಕು. ಮತ್ತೆ ಉರಿಸಿದರೆ ಬರುವುದೂ ಅಷ್ಟೇ, ಒಂದು ಕಾಸೂ ಬಡ್ಡಿಯಿಲ್ಲ.

‘ಆದರೆ ನನಗೆ ಮೈಲೇಜ್ ನಿಜವಾಗಿಯೂ ಜಾಸ್ತಿಯಾಯಿತು’ ಅನ್ನುವವರು ಇಲ್ಲೂ ಬರುತ್ತಾರೆ. ನನಗೂ ಆಗಿತ್ತು, ಹತ್ತರಲ್ಲಿ ಒಂದು ಪಾಲಿನಷ್ಟು. ಒಬ್ಬ ಗೆಳೆಯನಿಗೆ ಸಂಶಯ ಬಂದು, ಸ್ವಿಚ್ಚನ್ನು ಬಾನೆಟ್ ಒಳಗೆ ನನಗೆ ಕಾಣದ ಹಾಗೆ ಇಡಿಸಿದ. ಪ್ರತಿ ಟ್ಯಾಂಕಿಗೆ ಅವನೇ ನಾಣ್ಯ ಚಿಮ್ಮಿ ಆನ್ ಅಥವಾ ಆಫ್ ಮಾಡುತ್ತಿದ್ದ, ನನಗೆ ಹೇಳುತ್ತಿರಲಿಲ್ಲ. ಹನ್ನೆರಡು ಟ್ಯಾಂಕ್ ಆದ ಮೇಲೆ ನನ್ನ ಮೈಲೇಜ್ ಪುಸ್ತಕ, ಅವನ ಆನ್-ಆಫ್ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ! ಮುಂಚೆ ಜಾಸ್ತಿಯಾಗಿದ್ದು ನನ್ನ ಬಲಗಾಲಿನಿಂದ. ಕಷ್ಟಪಟ್ಟು ಮಾಡಿದ ಯಂತ್ರ ಗೆಲ್ಲಲಿ ಅಂತ ಮೆತ್ತಗೆ ಓಡಿಸಿದ್ದೆ.

ಮೇಯರ್ ವಿಷಯ: 1996ರಲ್ಲಿ ಇಬ್ಬರು ಹೂಡಿಕೆದಾರರು ಅಮೆರಿಕದ ಒಹಾಯೋದಲ್ಲಿ ಕೇಸು ಹಾಕಿದರು. ತಜ್ಞರು ಆತನ ಕೋಶ ನೋಡಿ ಇದು ಕರೆಂಟಿನಿಂದ ನೀರು ಒಡೆಯುವ ಮಾಮೂಲಿ ಎಲೆಕ್ಟ್ರಾಲಿಸಿಸ್ ಅಂದರು. ಕೋರ್ಟು ವಂಚನೆ ಅಂತ ತೀರ್ಮಾನಿಸಿ 25,000 ಡಾಲರ್ ವಾಪಸ್ ಕೊಡಿಸಿತು. 1998ರಲ್ಲಿ ಆತ ಸತ್ತದ್ದು ಮಿದುಳಿನ ರಕ್ತನಾಳ ಒಡೆದು ಅಂತ ಶವಪರೀಕ್ಷೆಯ ವರದಿ. ಅದನ್ನೂ ನಂಬುವುದಿಲ್ಲ ಅಂದರೆ ಬಿಡಿ. ಆತನ ಪೇಟೆಂಟುಗಳ ಅವಧಿ ಮುಗಿದುಹೋಗಿದೆ, ಚಿತ್ರಗಳ ಸಮೇತ ಯಾರು ಬೇಕಾದರೂ ಓದಬಹುದು, ಮಾಡಬಹುದು. ಹಾಗಾದರೆ ಇಷ್ಟು ವರ್ಷದಲ್ಲಿ ಒಬ್ಬನೂ ಯಾಕೆ ಓಡಿಸಲಿಲ್ಲ?

ಸಂಶಯಕ್ಕೇ ಸಂಶಯ:

ವೈಂಡರ್ ಅವರ ಲೆಕ್ಕ ಒಪ್ಪಿದೆ. ಆದರೆ ಈ ಧಾಟಿಯೇ ನನಗೆ ಹಿಡಿಸುವುದಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದವರು ಸಿಲಿಕಾನ್ ಸೌರಕೋಶ ತೋರಿಸಿದಾಗ ದಕ್ಷತೆ, ಅಂದರೆ ಬಿಸಿಲಿನಲ್ಲಿ ಕರೆಂಟಾಗುವ ಪಾಲು, ಸುಮಾರು ಶೇ. 6. ಅದನ್ನೂ ಆಟಿಕೆ ಅಂತ ತಳ್ಳಿಹಾಕಬಹುದಿತ್ತು. ಪೆರೊವ್‌ಸ್ಕೈಟ್ ಅನ್ನುವ ಬೇರೆ ವಸ್ತುವಿನ ಸೌರಕೋಶ 2009ರಲ್ಲಿ ಶೇ. 3.8 ಇದ್ದದ್ದು ಈಗ ಪ್ರಯೋಗಾಲಯದಲ್ಲಿ ಶೇ. 26 ದಾಟಿದೆ. ನಾವೆಲ್ಲ ಕೈಕಟ್ಟಿ ನಕ್ಕಿದ್ದರೆ ಅದು ಆಗುತ್ತಿತ್ತೇ?

ಹಳೇ ವೈಂಡರ್:

ಒಳ್ಳೆಯ ಮಾತು, ಆದರೆ ಉದಾಹರಣೆ ನನ್ನ ಕಡೆಯೇ ವಾಲುತ್ತದೆ. ಅವರು 3.8 ಅಂದರೆ 3.8 ಅಂತಲೇ ಬರೆದರು, ಬೇರೆಯವರೂ ಮಾಡಿ ಅಳೆದರು. ಯಾರೂ ಬಿಸಿಲಿಗಿಂತ ಜಾಸ್ತಿ ಕರೆಂಟ್ ಕೊಡುತ್ತೇನೆ ಅನ್ನಲಿಲ್ಲ.

ಭಾವನವರ ಪ್ಯಾನೆಲ್ ನೋಡಿ. ನಡುಮಧ್ಯಾಹ್ನ, ಶುಭ್ರ ಆಕಾಶ, ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರಿನ ಮೇಲೆ ಬೀಳುವುದೇ ಸುಮಾರು 1,000 ವ್ಯಾಟ್. ಒಂದೇ ಪದರದ ಕೋಶಕ್ಕೆ ಶೇ. 33ರ ಆಸುಪಾಸಿನಲ್ಲಿ ಒಂದು ಮಿತಿ ಇದೆ. ಶಾಕ್ಲಿ ಮತ್ತು ಕ್ವೈಸರ್ ಅನ್ನುವ ವಿಜ್ಞಾನಿಗಳು 1961ರಲ್ಲೇ ತೋರಿಸಿದ್ದು. ಅಂಗಡಿಯಲ್ಲಿ ಸಿಗುವುದು ಶೇ. 20ರಿಂದ 24. ಕನ್ನಡಿ ಇಟ್ಟರೆ ಜಾಸ್ತಿಯಾಗುವುದು ನಿಜ, ಆದರೆ ಆಗ ಕನ್ನಡಿಗೆ ಬೀಳುವ ಬಿಸಿಲನ್ನೂ ಎಣಿಸಬೇಕು. ಶೇ. 20ರ ಲೆಕ್ಕದಲ್ಲಿ 1,500 ವ್ಯಾಟಿಗೆ ಏಳೂವರೆ ಚದರ ಮೀಟರ್ ಬಿಸಿಲು ಬೇಕು. ಅಷ್ಟನ್ನೂ ಒಂದು ಚದರ ಮೀಟರಿಗೆ ಬಗ್ಗಿಸಿದರೆ ಪ್ಯಾನೆಲ್ ಕಾದ ಹಂಚಾಗುತ್ತದೆ, ಕಾದಷ್ಟೂ ಕರೆಂಟ್ ಇಳಿಯುತ್ತದೆ.

ನನಗೆ ಹೆಚ್ಚು ಯೋಚನೆ ಹಚ್ಚುವುದು ಸುಳ್ಳಿನ ಯಂತ್ರವಲ್ಲ, ನಿಜವಾಗಿದ್ದೂ ಬೇಡವಾದ ಯಂತ್ರ. ಫ್ರಾನ್ಸಿನ ನಾರ್ಮಂಡಿಯಲ್ಲಿ 2016ರ ಡಿಸೆಂಬರಿನಲ್ಲಿ ಒಂದು ಕಿಲೊಮೀಟರ್ ಸೋಲಾರ್ ರಸ್ತೆ ಉದ್ಘಾಟನೆಯಾಯಿತು. ಅಲ್ಲಿ ಮೋಸವೇನೂ ಇರಲಿಲ್ಲ, ಕರೆಂಟೂ ಬಂತು. ಆದರೆ ಮಲಗಿಸಿದ ಪ್ಯಾನೆಲ್ಲಿಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಮೇಲೆ ಎಲೆಗಳ ಕೊಳೆ, ವಾಹನಗಳ ತುಳಿತ. ಬಂದದ್ದು ಅಂದುಕೊಂಡದ್ದರ ಅರ್ಧದಷ್ಟು. ಕೆಲವು ವರ್ಷಗಳಲ್ಲೇ ಒಂದಷ್ಟು ಭಾಗ ಕಿತ್ತು ಹಾಕಿದರು. ಅದೇ ಪ್ಯಾನೆಲ್ ಪಕ್ಕದ ಮಾಡಿನ ಮೇಲೆ ಓರೆಯಾಗಿ ಕೂತಿದ್ದರೆ ಸಾಕಿತ್ತು. ‘ಕೆಲಸ ಮಾಡುತ್ತದಾ’ ಅಂತ ಕೇಳಿ ಸುಮ್ಮನಾದರೆ ಇಂಥದ್ದು ತಪ್ಪಿಸಿಕೊಂಡುಬಿಡುತ್ತದೆ.

ಅರೆಮನಸ್ಕ:

ನಿನ್ನೆ ಭಾವನ ಜೊತೆ ಹೋಗಿದ್ದೆ. ವಾದ ಮಾಡಲಿಲ್ಲ. ‘ಬಟ್ಟಲು ಬಸಿದು ಒಮ್ಮೆ ಚಾಲೂ ಮಾಡಿ’ ಅಂತ ಅಷ್ಟೇ ಕೇಳಿದೆ. ಆ ಸ್ಕ್ರೂ ಮುಟ್ಟಿದರೆ ನೀರಿನ ಅನುಪಾತ ಕೆಡುತ್ತದೆ ಅಂದ. ಭಾವ ದ್ವಿಚಕ್ರ ವಾಹನವನ್ನು ತಾವೇ ಬಿಚ್ಚಿ ಜೋಡಿಸುವವರು. ಆ ಮಾತಿಗೆ ಅವನ ಮುಖವನ್ನೊಮ್ಮೆ ನೋಡಿದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಅಂತ ತಮ್ಮಷ್ಟಕ್ಕೇ ಗೊಣಗಿದರು. ಆದರೆ ಸೋಲಾರಿನ ಆಸೆ ಪೂರ್ತಿ ಬಿಟ್ಟಿಲ್ಲ. ಭಾನುವಾರ ಮಧ್ಯಾಹ್ನ ಪ್ಯಾನೆಲ್ ಅಳೆಯಲು ಒಪ್ಪಿಸಿದ್ದೇನೆ. ನನ್ನ ಹತ್ತಿರ ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆ, ಸಾಕಾಗುತ್ತದಾ?

ಹಳೇ ವೈಂಡರ್:

ಅದರ ಮೇಲೆ ಡಿಸಿ ಆಂಪಿಯರ್ ಗುರುತು ಇದೆಯಾ ನೋಡಿ. ಮಾಮೂಲಿ ಕ್ಲ್ಯಾಂಪ್ ಮನೆಯ ಎಸಿ ಕರೆಂಟನ್ನು ಮಾತ್ರ ಓದುತ್ತದೆ, ಪ್ಯಾನೆಲ್ ಕೊಡುವುದು ಡಿಸಿ, ಅದರ ತಂತಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಆಗ ಅವನೇ ನಿಮ್ಮನ್ನು ನೋಡಿ ನಗುತ್ತಾನೆ. ಮತ್ತೆ, ಖಾಲಿ ತಂತಿಯಲ್ಲಿ ವೋಲ್ಟ್ ಒಂದು ಸಲ, ಶಾರ್ಟ್ ಮಾಡಿ ಆಂಪಿಯರ್ ಇನ್ನೊಂದು ಸಲ ಅಳೆದು ಎರಡನ್ನೂ ಗುಣಿಸಲು ಬಿಡಬೇಡಿ, ನಿಜಕ್ಕಿಂತ ಜಾಸ್ತಿ ಬರುತ್ತದೆ. ಲೋಡ್ ಹಾಕಿ, ಎರಡನ್ನೂ ಒಟ್ಟಿಗೇ ಓದಿ. ಮೋಡ ಇದ್ದರೆ ಇನ್ನೊಂದು ದಿನ ಹೋಗಿ.