ಒಟ್ಟು ಮೈಗ್ರೇಶನ್‌ನಲ್ಲಿ ಪಾಸಾದ ಉಪ್ಪಿನಕಾಯಿ ಪೌಚ್‌ಗೆ ಮತ್ತೊಂದು ಪರೀಕ್ಷೆ ಏಕೆ?

ಮಿಡಿಮಾವು:
ಶಿರಸಿ ಸಮೀಪದ ನಮ್ಮ ಸಣ್ಣ ಘಟಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು 50 ಗ್ರಾಂ ಪೌಚ್‌ಗಳಲ್ಲಿ ತುಂಬುತ್ತೇವೆ. ಪೌಚ್‌ಗೆ ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಫಾಯಿಲ್, ಒಳಗೆ ಪಾಲಿಥೀನ್ ಪದರವಿದೆ. ಭಾರತೀಯ ಮಾನದಂಡ ಐಎಸ್ 9845ರಂತೆ ಮಾಡಿಸಿದ ಒಟ್ಟು ಮೈಗ್ರೇಶನ್ (ಪ್ಯಾಕಿಂಗ್‌ನಿಂದ ಆಹಾರಕ್ಕೆ ಇಳಿಯುವ ವಸ್ತುಗಳ ಒಟ್ಟು ಪ್ರಮಾಣ) ಪರೀಕ್ಷೆಯ ಫಲಿತಾಂಶ, ಕಿಲೋಗೆ 60 ಮಿಲಿಗ್ರಾಂ ಮಿತಿಗಿಂತ ಬಹಳ ಕೆಳಗಿದೆ. ಆದರೂ ಜರ್ಮನಿಯ ಆಮದುದಾರರು, ಉದ್ದೇಶಪೂರ್ವಕವಾಗಿ ಸೇರಿಸದ ರಾಸಾಯನಿಕಗಳ ವರದಿಯೂ ಬೇಕೆನ್ನುತ್ತಿದ್ದಾರೆ. ಯಾರೂ ಸೇರಿಸದ ವಸ್ತುವನ್ನು ಪ್ರಯೋಗಾಲಯದವರು ಹುಡುಕುವುದಾದರೂ ಹೇಗೆ? ಫಾಯಿಲ್ ಅಡ್ಡವಿರುವಾಗ ಇದು ಅಗತ್ಯವೇ?

ಲ್ಯಾಬ್‌ಕೋಟು:
ಒಟ್ಟು ಮೈಗ್ರೇಶನ್ ಎಂದರೆ ತೂಕದ ಲೆಕ್ಕವಷ್ಟೇ. ಆಹಾರದ ಬದಲಿಗೆ ಪೌಚ್ ಜೊತೆ ಇಟ್ಟ ದ್ರಾವಣವನ್ನು ಆವಿಯಾಗಿಸಿ, ತಳದಲ್ಲಿ ಉಳಿದ ಶೇಷವನ್ನು ತೂಗುತ್ತಾರೆ. ಆ ಶೇಷ ಏನೆಂದು ಯಾರೂ ಕೇಳುವುದಿಲ್ಲ, ಬೇಗ ಆವಿಯಾಗುವ ವಸ್ತುಗಳು ತೂಕಕ್ಕೇ ಸಿಗುವುದಿಲ್ಲ. ಐರೋಪ್ಯ ಒಕ್ಕೂಟದ 10/2011 ನಿಯಮದಲ್ಲಿ ಪ್ರೈಮರಿ ಆರೊಮ್ಯಾಟಿಕ್ ಅಮೀನ್‌ಗಳನ್ನು (ಅಂಟಿನಿಂದ ಹುಟ್ಟಬಲ್ಲ ಹಾನಿಕಾರಕ ರಾಸಾಯನಿಕಗಳು) ಕಿಲೋಗೆ 0.01 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಮಟ್ಟದಲ್ಲಿ ನೋಡಬೇಕಾಗುತ್ತದೆ, ಅಂದರೆ ನಿಮ್ಮ 60ರ ಆರು ಸಾವಿರದಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ. ತಕ್ಕಡಿಗೆ ಅದು ಕಾಣುವುದೇ ಇಲ್ಲ.

ಫಾಯಿಲ್‌ನ ಆಚೆ ಇರುವುದನ್ನು ಫಾಯಿಲ್ ತಡೆಯುತ್ತದೆ, ನಿಜ. ಆದರೆ ಫಾಯಿಲ್ ಮತ್ತು ಪಾಲಿಥೀನ್‌ಗಳನ್ನು ಬೆಸೆದಿರುವ ಅಂಟು ಈಚೆಗಿದೆ, ಉಪ್ಪಿನಕಾಯಿಯ ಪಕ್ಕದಲ್ಲೇ ಇದೆ. 2005ರಲ್ಲಿ ಇಟಲಿಯಲ್ಲಿ ಶಿಶುಗಳ ಹಾಲಿನಲ್ಲಿ ಐಟಿಎಕ್ಸ್ ಎಂಬ ಇಂಕ್ ರಾಸಾಯನಿಕ ಸಿಕ್ಕಾಗಲೂ ಅದು ಪದರಗಳನ್ನು ದಾಟಿ ಬಂದಿರಲಿಲ್ಲ. ಸುರುಳಿ ಸುತ್ತಿಟ್ಟಾಗ ಹೊರಮೈಯ ಮುದ್ರಣ ಒಳಮೈಗೆ ತಾಗಿ ಅಂಟಿಕೊಂಡಿತ್ತು.

ತುಮಕೂರು ಲ್ಯಾಮಿನೇಟರ್:
ಇಂಕಿನ ಭಯ ನಿಮಗೆ ಕಡಿಮೆ. ಇಂಥ ಪೌಚ್‌ಗಳಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್‌ನ ಒಳಬದಿಗೆ ರಿವರ್ಸ್ ಪ್ರಿಂಟ್ ಮಾಡುವುದರಿಂದ ಇಂಕ್ ಪದರಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅಂಟಿನ ವಿಷಯ ಹಾಗಲ್ಲ. ಪಾಲಿಯುರೆಥೇನ್ ಅಂಟನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಆರೊಮ್ಯಾಟಿಕ್ ಐಸೊಸಯನೇಟ್ ಆಗಿದ್ದು, ಲ್ಯಾಮಿನೇಟ್ ಪೂರ್ತಿ ಕ್ಯೂರ್ ಆಗುವ (ಅಂಟು ಗಟ್ಟಿಯಾಗುವ) ಮೊದಲೇ ಪೌಚ್ ಮಾಡಿ ತುಂಬಿಬಿಟ್ಟರೆ, ಉಳಿದ ಐಸೊಸಯನೇಟ್ ಪಾಲಿಥೀನ್ ದಾಟಿ, ಆಹಾರದ ನೀರಿನೊಡನೆ ಸೇರಿ ಅಮೀನ್ ಆಗುತ್ತದೆ. ಅದನ್ನು ಯಾರೂ ಸೇರಿಸಿದ್ದಲ್ಲ, ಅವಸರ ಸೇರಿಸಿದ್ದು! ಸೀಸನ್‌ನಲ್ಲಿ ಗಿರಾಕಿಗಳು "ನಾಳೆಯೇ ಬೇಕು" ಎಂದು ಒತ್ತಾಯಿಸುವಾಗ ಮೊದಲು ಕತ್ತರಿ ಬೀಳುವುದೇ ಕ್ಯೂರಿಂಗ್ ಅವಧಿಗೆ. ಅಲಿಫ್ಯಾಟಿಕ್ (ಆರೊಮ್ಯಾಟಿಕ್ ಅಲ್ಲದ) ಹಾರ್ಡ್‌ನರ್ ಬಳಸಿದರೆ ಈ ಅಮೀನ್ ಹುಟ್ಟುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಆದರೆ ಪಾಲಿಯೆಸ್ಟರ್ ಮೂಲದ ಅಂಟಿನಲ್ಲಿರುವ ಉಂಗುರಾಕಾರದ ಎಸ್ಟರ್‌ಗಳು ಹಾರ್ಡ್‌ನರ್ ಜೊತೆ ಪ್ರತಿಕ್ರಿಯಿಸುವುದಿಲ್ಲವಾದ್ದರಿಂದ, ಎಷ್ಟು ದಿನ ಕ್ಯೂರ್ ಮಾಡಿದರೂ ಹಾಗೆಯೇ ಉಳಿಯುತ್ತವೆ.

ಮಿಡಿಮಾವು:
ಹಾಗಾದರೆ ಪ್ರಯೋಗಾಲಯಕ್ಕೆ ನಿಖರವಾಗಿ ಏನೆಂದು ಬರೆದು ಕಳುಹಿಸಲಿ? ಖಾಲಿ ಫಿಲ್ಮ್ ತುಂಡು ಸಾಕೇ?

ಲ್ಯಾಬ್‌ಕೋಟು:
ತುಂಡು ಬೇಡ. ಮಾರಾಟಕ್ಕೆ ಹೋಗುವ ಲಾಟ್‌ನ ಪೌಚ್‌ಗಳನ್ನೇ ಕಳುಹಿಸಿ, ಲ್ಯಾಮಿನೇಶನ್ ಆದ ದಿನಾಂಕ ಮತ್ತು ಕ್ಯೂರಿಂಗ್ ಅವಧಿಯನ್ನು ಜೊತೆಗೆ ಬರೆಯಿರಿ. ಅದಕ್ಕೂ ಮೊದಲು ಅಂಟು ಮತ್ತು ಫಿಲ್ಮ್ ಪೂರೈಕೆದಾರರಿಂದ ಘಟಕಗಳ ವಿವರ ಕೇಳಿ ಪಡೆಯಿರಿ, ಹುಡುಕಾಟದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮಿಡಿ ಹುಳಿಯಾದ್ದರಿಂದ ಪರೀಕ್ಷೆಯ ದ್ರಾವಣವಾಗಿ 3% ಅಸಿಟಿಕ್ ಆಮ್ಲ ಬೇಕೇ ಬೇಕು, ಅಮೀನ್‌ಗಳೂ ಆಮ್ಲದಲ್ಲೇ ಚೆನ್ನಾಗಿ ಇಳಿಯುತ್ತವೆ. ಮೇಲೆ ಎಣ್ಣೆ ತೇಲುವಂತಿದ್ದರೆ ಎಣ್ಣೆಯ ಬದಲಿ ದ್ರಾವಣದಲ್ಲೂ ಪರೀಕ್ಷಿಸಬೇಕು. ತಿಂಗಳುಗಟ್ಟಲೆ ಕೋಣೆಯ ಉಷ್ಣತೆಯಲ್ಲಿಡುವ ಸರಕಿಗೆ ಯುರೋಪಿನ ಪದ್ಧತಿಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ದಿನ ಇಡುತ್ತಾರೆ. ಆಮೇಲೆ ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರಗಳ ಸರದಿ: ಆವಿಯಾಗುವವುಗಳಿಗೆ ಜಿಸಿ-ಎಂಎಸ್, ಉಳಿದವುಗಳಿಗೆ ಹೈ-ರೆಸಲ್ಯೂಶನ್ ಎಲ್‌ಸಿ-ಎಂಎಸ್. ಪೌಚ್ ಇಲ್ಲದೆ ಓಡಿಸಿದ ಬ್ಲ್ಯಾಂಕ್‌ನ ಫಲಿತಾಂಶವನ್ನೂ ತಪ್ಪದೆ ಕೇಳಿ, ಏಕೆಂದರೆ ಪ್ಲಾಸ್ಟಿಕ್ ಮೆದುಗೊಳಿಸುವ ಥ್ಯಾಲೇಟ್‌ಗಳು ಪ್ರಯೋಗಾಲಯದ ಕೈಗವಸುಗಳಿಂದಲೂ ಬರಬಲ್ಲವು.

ಕೊನೆಯದಾಗಿ ವಿಸ್ತೀರ್ಣ. ಲೆಕ್ಕಕ್ಕೆ ರೂಢಿಯಲ್ಲಿ ಕಿಲೋ ಆಹಾರಕ್ಕೆ 6 ಚದರ ಡೆಸಿಮೀಟರ್ ಹಿಡಿಯುತ್ತಾರೆ. ನಿಮ್ಮ ಪೌಚ್ 10 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ ಎಂದಿಟ್ಟುಕೊಂಡರೆ ಎರಡೂ ಬದಿ ಸೇರಿ 2.4 ಚದರ ಡೆಸಿಮೀಟರ್, ಅದೂ 50 ಗ್ರಾಂಗೆ. ಕಿಲೋಗೆ 48 ಆಯಿತು, ಅಂದರೆ ಎಂಟು ಪಟ್ಟು. ಗುರುತು ಸಿಗದ ವಸ್ತುವಿನ ಅಪಾಯವನ್ನು ಅಂದಾಜಿಸುವಾಗ ಈ ನಿಜವಾದ ಅನುಪಾತವನ್ನೇ ಬಳಸುವಂತೆ ಕೋರಿಕೆ ಪತ್ರದಲ್ಲೇ ನಮೂದಿಸಿ.