ಪದಚರ್ಚೆ: ರಕ್ತದ ‘ಮಾರ್ಕರ್’ ಸೂಚಕವೋ, ಕುರುಹೋ, ಸುಳಿವೋ?

ಎಲ್ಲರಿಗೂ ನಮಸ್ಕಾರ,

ಐಸಿಯು ಸೇರಿದ ಕೋವಿಡ್ ರೋಗಿಗಳ ರಕ್ತಪರೀಕ್ಷೆಗಳ ಬಗ್ಗೆ ಮನೆಮಂದಿಗೆ ತಿಳಿಯುವ ಹಾಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಮಾರ್ಕರ್’ (ಮೈಯೊಳಗಿನ ಸ್ಥಿತಿಯನ್ನು ತೋರಿಸುವ ರಕ್ತದ ಅಂಶ) ಮತ್ತು ‘ಪ್ರಿಡಿಕ್ಟರ್’ (ಮುಂದೆ ಏನಾಗಬಹುದು ಅಂತ ಅಂದಾಜಿಸಲು ನೆರವಾಗುವಂಥದ್ದು) ಎರಡು ಪದಗಳು ಕೈ ಹಿಡಿದು ನಿಲ್ಲಿಸಿವೆ.

ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್ ಎಂಬ ರಕ್ತದ ಪ್ರೋಟೀನುಗಳಿಗೆಲ್ಲ ‘ಜೈವಿಕ ಸೂಚಕ’ ಅಂತ ಬರೆಯುವುದುಂಟು. ‘ಪ್ರಿಡಿಕ್ಟರ್’ಗೆ ‘ಮುನ್ಸೂಚಕ’. ನನಗೆ ಹೆದರಿಕೆ ಇರುವುದು ಈ ಎರಡನೆಯದರ ಬಗ್ಗೆ.

2021ರ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದರು. ಡಿ-ಡೈಮರ್ ರಿಪೋರ್ಟಿನ ಫೋಟೋ ಮನೆಯ ವಾಟ್ಸಾಪ್ ಗ್ರೂಪಿಗೆ ಬಂತು, ಅಂಕಿಯ ಪಕ್ಕದಲ್ಲಿ ದಪ್ಪಕ್ಷರದ ‘ಎಚ್’, ಅಂದರೆ ‘ಹೈ’, ಜಾಸ್ತಿ. ದೊಡ್ಡಮ್ಮ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: “ಇದು ಜಾಸ್ತಿ ಬಂದ್ರೆ ಉಳಿಯಲ್ವಂತೆ, ಹೌದಾ?” ಅದು ಸಾವಿನ ಮುನ್ಸೂಚನೆ ಅಂತ ಯಾರೋ ಹೇಳಿಬಿಟ್ಟಿದ್ದರು. ದೊಡ್ಡಪ್ಪ ಗುಣವಾಗಿ ಮನೆಗೆ ಬಂದರು. ಆದರೆ ಅಷ್ಟೂ ದಿನ ದೊಡ್ಡಮ್ಮ ಸರಿಯಾಗಿ ಉಂಡಿರಲಿಲ್ಲ.

ಆ ಮಾತಿನ ಹಿಂದೆ ನಿಜವೂ ಇತ್ತು. ವುಹಾನ್‌ನ ಎರಡು ಆಸ್ಪತ್ರೆಗಳ 191 ಕೋವಿಡ್ ರೋಗಿಗಳ ಬಗ್ಗೆ 2020ರ ಮಾರ್ಚಿನಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಅವರಲ್ಲಿ 54 ಜನ ತೀರಿಕೊಂಡಿದ್ದರು, ಮತ್ತು ಆಸ್ಪತ್ರೆ ಸೇರುವಾಗಲೇ ಡಿ-ಡೈಮರ್ ಮಿಲಿಲೀಟರಿಗೆ 1 ಮೈಕ್ರೋಗ್ರಾಮ್‌ಗಿಂತ ಜಾಸ್ತಿ ಇದ್ದವರಲ್ಲಿ ಸಾವು ಹೆಚ್ಚು ಅಂತ ಅದರಲ್ಲಿ ಕಂಡುಬಂದಿತ್ತು. ಇದು ಒಂದು ಗುಂಪಿನ ಲೆಕ್ಕ. ಮಂಚದ ಮೇಲೆ ಮಲಗಿರುವ ಒಬ್ಬರ ಹಣೆಬರಹ ಅಲ್ಲ. ‘ಮುನ್ಸೂಚಕ’ದಲ್ಲಿ ಈ ವ್ಯತ್ಯಾಸ ಕೇಳಿಸುವುದೇ ಇಲ್ಲ, ಅಲ್ವಾ?

ಇನ್ನೊಂದು ತೊಡಕು ‘ಕಾರಣ’ದ್ದು, ಮಾರ್ಕರನ್ನೇ ಕಾಯಿಲೆಗೆ ಕಾರಣ ಅಂದುಕೊಳ್ಳುವುದು. ಡಿ-ಡೈಮರ್ ಅಂದರೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಉಳಿಯುವ ಪ್ರೋಟೀನಿನ ಚೂರು. ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ, ವಯಸ್ಸಾದವರಲ್ಲೂ ಅದು ಏರುತ್ತದೆ. ಸಿಆರ್‌ಪಿಯನ್ನು ಲಿವರ್ ತಯಾರಿಸುತ್ತದೆ, ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ ಹೆಚ್ಚಾಗಬಹುದು. ಕಪ್ಪೆ ವಟಗುಟ್ಟಿದ್ದಕ್ಕೇ ಮಳೆ ಬಂತು ಅಂತ ನಾವು ಹೇಳುವುದಿಲ್ಲವಲ್ಲ.

ಹಾಗಾಗಿ ‘ಮಾರ್ಕರ್’ಗೆ ‘ಕುರುಹು’ ಇಟ್ಟರೆ ಹೇಗೆ? ವಚನಗಳಲ್ಲಿ ಇಷ್ಟಲಿಂಗವನ್ನೂ ಕುರುಹು ಅಂದಿದ್ದಾರೆ. ಕಾಣದ್ದನ್ನು ತೋರಿಸುವ ಗುರುತು ಎಂಬ ಅರ್ಥ ಅದರಲ್ಲಿ ಮೊದಲೇ ಇದೆ. ‘ಪ್ರಿಡಿಕ್ಟರ್’ಗೆ ‘ಸುಳಿವು’ ನನಗೆ ಇಷ್ಟ. ಸುಳಿವು ಸಿಕ್ಕಿತು ಅಂದರೆ ಕಳ್ಳ ಸಿಕ್ಕ ಅಂತಲ್ಲ, ಇನ್ನೂ ಹುಡುಕಬೇಕು ಅಂತ. ಡಾಕ್ಟರೂ ಅದನ್ನೇ ಮಾಡುತ್ತಾರೆ, ಆಕ್ಸಿಜನ್ ನೋಡುತ್ತಾರೆ, ಎರಡು ದಿನ ಬಿಟ್ಟು ಮತ್ತೆ ರಕ್ತ ತೆಗೆಸುತ್ತಾರೆ, ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುತ್ತಾರೆ. ‘ಲಕ್ಷಣ’ ಬೇಡ, ಅದು ಜ್ವರ, ಕೆಮ್ಮಿನಂಥವಕ್ಕೆ ಆಗಲೇ ಬಳಕೆಯಲ್ಲಿದೆ.

‘ಔಟ್‌ಕಮ್’ (ಕೊನೆಗೆ ರೋಗಿಗೆ ಏನಾಯಿತು ಎಂಬುದು) ಇನ್ನೂ ಬಗೆಹರಿದಿಲ್ಲ. ‘ಫಲಿತಾಂಶ’ ಅಂದರೆ ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ, ‘ಗತಿ’ ಅಂದರೆ ಅಪಶಕುನ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ, ರೋಗಿಯ ಮನೆಯವರ ಹತ್ತಿರ ಇದನ್ನು ನೀವು ಯಾವ ಪದದಲ್ಲಿ ಹೇಳುತ್ತೀರಿ ಅಂತ ದಯವಿಟ್ಟು ತಿಳಿಸಿ.