ತತ್ವಪದ ಗಾಯಕರ ಏಕವ್ಯಕ್ತಿ ಪ್ರವಾಸ: ಪೋಸ್ಟರಿಗೂ ಜಾಲತಾಣಕ್ಕೂ ಒಂದೇ ರೂಪ ಕೊಡುವುದು ಹೇಗೆ?

ಪ್ರಶ್ನೆ (ಕಲಬುರಗಿಯ ವಿನ್ಯಾಸಗಾರ್ತಿ)

ಎಲ್ಲರಿಗೂ ಶರಣು. ಏಕತಾರಿ ಹಿಡಿದು ತತ್ವಪದ ಹಾಡುವ ನಮ್ಮ ಭಾಗದ ಗಾಯಕರೊಬ್ಬರು ಇದುವರೆಗೆ ಭಜನಾ ಮೇಳದ ಜೊತೆಗೇ ವೇದಿಕೆ ಏರಿದವರು. ಈ ಬಾರಿ ಮೇಳವಿಲ್ಲದೆ ಒಬ್ಬರೇ ಊರೂರಿಗೆ ಹೊರಟಿದ್ದಾರೆ. ಕಲಬುರಗಿಯ ಡಾ. ಎಸ್.ಎಂ. ಪಂಡಿತ್ ರಂಗಮಂದಿರದಿಂದ ಆರಂಭಿಸಿ ಶಹಾಪುರ, ಯಾದಗಿರಿ, ಬಸವಕಲ್ಯಾಣ, ಬೀದರ್ ಮುಗಿಸಿಕೊಂಡು ಸೊಲ್ಲಾಪುರ ಮತ್ತು ಹೈದರಾಬಾದಿಗೂ ಹೋಗುವುದು ಅವರ ಯೋಜನೆ. ಲಾಂಛನ, ಪೋಸ್ಟರ್, ಜಾಲತಾಣ ಮೂರೂ ನನ್ನ ಪಾಲಿಗೆ ಬಂದಿವೆ.

ಕಪ್ಪು ನೆಲದ ಮೇಲೆ ಬಿದರಿಯ (ಬೀದರಿನ ಲೋಹದ ಕುಸುರಿ ಕಲೆಯ) ಹೂಬಳ್ಳಿ, ನಡುವೆ ಗಾಯಕರ ಭಾವಚಿತ್ರ, ಹಿಂದೆ ಕೋಟೆ ಇರಲಿ ಎಂಬುದು ಸಂಘಟಕರ ಬೇಡಿಕೆ. ನೋಡಲು ಚೆನ್ನಾಗಿಯೇ ಇದೆ, ಆದರೆ ಹಾಡಿನ ಕಾರ್ಯಕ್ರಮದ ಪೋಸ್ಟರಿಗಿಂತ ಪ್ರವಾಸೋದ್ಯಮದ ಜಾಹೀರಾತಿನಂತೆ ಕಾಣುತ್ತದೆಂಬ ಅಳುಕು ನನ್ನದು. ಎರಡು ಊರಿನ ದಿನಾಂಕಗಳು ಇನ್ನೂ ನಿಶ್ಚಯವಾಗಿಲ್ಲ. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು ಓದುವವರೂ ಬರುತ್ತಾರೆ. ಇವೆಲ್ಲವನ್ನೂ ಒಂದು ರೂಪದಲ್ಲಿ ಹಿಡಿದಿಡುವ ದಾರಿ ಯಾವುದು?

ಉತ್ತರ 1 (ಬೀದರ್‌ನಿಂದ)

ನಿಮ್ಮ ಅಳುಕು ಸರಿಯಾದದ್ದೇ. ಬಿದರಿ ಎಂದರೆ ಹೂಬಳ್ಳಿ ಎಂದುಕೊಂಡವರು ಅದರ ಕೆಲಸದ ಕ್ರಮವನ್ನು ನೋಡಿರುವುದಿಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕೂಡಿಸಿದ ಮಿಶ್ರಣದಿಂದ ಸಂಸ್ಕರಿಸಿದಾಗ ಲೋಹವಷ್ಟೇ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಗೆರೆ ಎದ್ದು ಕಾಣಲೆಂದೇ ಅಲ್ಲಿ ನೆಲವನ್ನು ಕಪ್ಪು ಮಾಡುತ್ತಾರೆ.

ಆದ್ದರಿಂದ ಹೂಬಳ್ಳಿಯನ್ನು ಬಿಟ್ಟು ಈ ಕ್ರಮವನ್ನು ತೆಗೆದುಕೊಳ್ಳಿ. ಏಕತಾರಿಗೆ ಇರುವುದು ಒಂದೇ ತಂತಿ. ಕಪ್ಪು ನೆಲದ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೆಳ್ಳಿ ಬಣ್ಣದ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ಹೆಸರು, ಊರು, ದಿನ, ವೇಳೆಗಳನ್ನು ಬರೆಯಿರಿ. ಅದೇ ಗೆರೆ ಪ್ರವಾಸದ ದಾರಿಯೂ ಆಗಬಹುದು: ಕಲಬುರಗಿಯ ಪೋಸ್ಟರಿನಲ್ಲಿ ತುದಿಯಲ್ಲಿರುವ ಬಿಂದು ಊರೂರಿಗೆ ಕೆಳಗೆ ಸರಿಯುತ್ತಾ ಹೈದರಾಬಾದಿನ ಹೊತ್ತಿಗೆ ಬುಡಕ್ಕೆ ಬಂದಿರಲಿ. ಗೆರೆ, ಬಣ್ಣ, ಅಕ್ಷರವಿನ್ಯಾಸ ಇವು ಸ್ಥಿರ. ಊರು, ದಿನಾಂಕ, ಬಿಂದುವಿನ ಜಾಗ ಇವು ಚರ. ಯಾವುದು ಬದಲಾಗಬಾರದು, ಯಾವುದು ಬದಲಾಗಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ, ನಿಶ್ಚಯವಾಗದ ದಿನಾಂಕಗಳಿಗಾಗಿ ವಿನ್ಯಾಸ ಕಾಯಬೇಕಿಲ್ಲ.

ಇನ್ನೊಂದು ಮಾತು. ಎಸ್.ಎಂ. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಚಿತ್ರ ಬರೆದು ಹೆಸರಾದವರು. ಅವರ ಹೆಸರಿನ ರಂಗಮಂದಿರದ ಬಾಗಿಲಿಗೆ ಕಳಪೆ ಪೋಸ್ಟರ್ ಅಂಟಿಸಲು ಸ್ವಲ್ಪ ಧೈರ್ಯ ಬೇಕು!

ಉತ್ತರ 2 (ಯಾದಗಿರಿಯವ, ಜಾಲತಾಣ ಕಟ್ಟುವ ಕೆಲಸದವ)

ಮೇಲಿನವರ ಸ್ಥಿರ-ಚರ ವಿಭಜನೆ ಜಾಲತಾಣಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪೋಸ್ಟರಿನ ಚಿತ್ರವನ್ನೇ ತಂದು ಪುಟಕ್ಕೆ ಹಾಕಿ ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಚಿತ್ರದೊಳಗಿನ ದಿನಾಂಕವನ್ನು ಹುಡುಕುಯಂತ್ರ ನೆಚ್ಚಿಕೊಂಡು ಓದುವುದಿಲ್ಲ, ಕಣ್ಣು ಕಾಣದವರ ಫೋನು ಸರಿಯಾಗಿ ಓದಿ ಹೇಳುತ್ತದೆಂಬ ಖಾತ್ರಿಯಿಲ್ಲ, ಬದಲಾಯಿಸಬೇಕೆಂದರೆ ಚಿತ್ರವನ್ನೇ ಹೊಸದಾಗಿ ಮಾಡಬೇಕು. ಊರು, ಸಭಾಂಗಣ, ದಿನ, ವೇಳೆ ಎಲ್ಲವೂ ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತ) ಪಠ್ಯವಾಗಿರಲಿ. ಕಾರ್ಯಕ್ರಮಗಳಿಗೆಂದೇ ಸ್ಕೀಮಾ ಡಾಟ್ ಆರ್ಗ್‌ನಲ್ಲಿರುವ, ಹುಡುಕುಯಂತ್ರಗಳಿಗೆ ಅರ್ಥವಾಗುವ ದತ್ತಾಂಶ ಮಾದರಿಯನ್ನು ಸೇರಿಸಿದರೆ, ಕಾರ್ಯಕ್ರಮ ಮುಂದೆ ಹೋಗಿದೆ ಎಂಬುದನ್ನೂ ಅದರಲ್ಲಿಯೇ ಸೂಚಿಸಬಹುದು.

ಅಕ್ಷರಕ್ಕೆ ಅನೇಕ್ ಕನ್ನಡ ಎಂಬ ಫಾಂಟನ್ನು ನೋಡಿ. ಅದು ಮುಕ್ತ ಪರವಾನಗಿಯದು, ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಹೊಂದಿಸಬಹುದು. ‘ಬೀದರ್’ ಮತ್ತು ‘ಬಸವಕಲ್ಯಾಣ’ ಎರಡನ್ನೂ ಒಂದೇ ಜಾಗದಲ್ಲಿ ಒಂದೇ ಎತ್ತರದಲ್ಲಿ ಕೂರಿಸಬೇಕಾದ ನಿಮಗೆ ಈ ಅನುಕೂಲ ದೊಡ್ಡದು. ಅದೇ ಕುಟುಂಬದಲ್ಲಿ ತೆಲುಗು ಮತ್ತು ದೇವನಾಗರಿಯೂ ಇವೆ. ಉರ್ದುವಿಗೆ ಮಾತ್ರ ನೋಟೋ ನಸ್ತಾಲೀಕ್‌ನಂಥ ಬೇರೆ ಫಾಂಟು ಬೇಕು; ಬರಹ ಬಲದಿಂದ ಎಡಕ್ಕೆ ಹರಿಯುವುದರಿಂದ ಗೆರೆಯನ್ನು ಬಲಬದಿಗೆ ಸರಿಸಿ, ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಕನ್ನಡದಲ್ಲಿಯೂ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆಯಾಗದಿರಲಿ. ನಾಲ್ಕೂ ಭಾಷೆಗಳನ್ನು ಒಂದೇ ಪುಟದಲ್ಲಿ ತುಂಬಬೇಡಿ.

ಹೆಚ್ಚಿನವರು ಈ ಪುಟಕ್ಕೆ ವಾಟ್ಸಾಪ್ ಕೊಂಡಿಯಿಂದಲೇ ಬರುತ್ತಾರೆ. ಆದ್ದರಿಂದ ಪ್ರತಿ ಊರಿಗೂ ಪ್ರತ್ಯೇಕ ವಿಳಾಸ ಮತ್ತು ಕೊಂಡಿಯ ಜೊತೆ ಕಾಣುವ 1200×630 ಪಿಕ್ಸೆಲ್‌ಗಳ ಮುನ್ನೋಟ ಚಿತ್ರ ಇರಲಿ.

ಉತ್ತರ 3 (ಮುದ್ರಣಾಲಯದಿಂದ)

ಪರದೆಯ ಮೇಲೆ ಬೆಳ್ಳಿಯಂತೆ ಕಾಣುವ ಬಣ್ಣ ನಾಲ್ಕು ಬಣ್ಣದ ಮುದ್ರಣದಲ್ಲಿ ಬರೀ ಬೂದಿ ಬಣ್ಣ. ನಿಜವಾದ ಬೆಳ್ಳಿ ಬೇಕಿದ್ದರೆ ಐದನೆಯ ಶಾಯಿ ಬೇಕು, ಖರ್ಚು ಏರುತ್ತದೆ. ತಿಳಿ ಬೂದಿಯನ್ನೇ ಒಪ್ಪಿಕೊಂಡು ಗೆರೆಯನ್ನು ತುಸು ದಪ್ಪ ಮಾಡುವುದು ಜಾಣತನ. ಕಪ್ಪು ನೆಲದೊಳಗಿನ ಸಣ್ಣ ಬಿಳಿ ಅಕ್ಷರಗಳಿಗೆ ಶಾಯಿ ಹಬ್ಬಿ ಒತ್ತುಗಳು ಮುಚ್ಚಿಹೋಗುತ್ತವೆ. ಫ್ಲೆಕ್ಸ್ ಬೇಡ, ರಾಜ್ಯದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅದೂ ಇದೆ. ಬಟ್ಟೆಯ ಬ್ಯಾನರ್ ಮಾಡಿಸುವುದಾದರೆ ಅದರ ನೇಯ್ಗೆಯಲ್ಲಿ ತೆಳು ಗೆರೆ ಕಳೆದುಹೋಗುತ್ತದೆಂಬುದನ್ನು ಮರೆಯಬೇಡಿ. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲೇ ಅಕ್ಷರ ಜೋಡಿಸುವುದುಂಟು. ಅಲ್ಲಿಂದ ಬಂದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಒಮ್ಮೆ ಓದಿ ನೋಡಿದ ಮೇಲೆಯೇ ಜಾಲತಾಣಕ್ಕೆ ಏರಿಸಿ.

ಪ್ರಶ್ನೆ ಕೇಳಿದವರು

ಒಂದು ಗೆರೆಯ ಕರಡನ್ನು ಗಾಯಕರಿಗೆ ತೋರಿಸಿದೆ, ಅವರು ಒಪ್ಪಿದರು. ಸಂಘಟಕರು ಮಾತ್ರ ಕೋಟೆಯನ್ನು ಬಿಡಲು ತಯಾರಿಲ್ಲ.

ಉತ್ತರ 2 ಬರೆದವರು

ಹಾಗಿದ್ದರೆ ಅದನ್ನು ಆಯಾ ಊರಿನ ಪುಟದ ಕೆಳಭಾಗಕ್ಕೆ, ‘ತಲುಪುವುದು ಹೇಗೆ’ ಎಂಬ ವಿಭಾಗಕ್ಕೆ ಕಳುಹಿಸಿ. ಕೋಟೆಯ ಚಿತ್ರ ಅಲ್ಲಿರಲಿ, ಅದರ ಜೊತೆಗೆ ಬಸ್ ನಿಲ್ದಾಣದಿಂದ ಸಭಾಂಗಣಕ್ಕೆ ಬರುವ ನಕ್ಷೆಯೂ ಇರಲಿ, ಪೋಸ್ಟರಿನಲ್ಲಿ ಬೇಡ.